ಅವ್ವನ ಫೋನೂ ಟೆಸ್ಲಾನ ಗೋಪುರವೂ

ಮುಂಬೈಯಿಂದ ಫೋನ್ ಮಾಡಿದಾಗಲೆಲ್ಲ ಅವ್ವನ ಮೊಬೈಲು ಸ್ವಿಚ್ ಆಫ್. ಮಳವಳ್ಳಿ ಕಡೆಯ ನಮ್ಮೂರಲ್ಲಿ ಅವಳೊಬ್ಬಳೇ ಇರುವುದು. ಪಕ್ಕದ ಮನೆಗೆ ಫೋನ್ ಮಾಡಿ ಕೊಡಿಸಿಕೊಂಡರೆ, "ಆ ಪಿನ್ನು ತೂರ್ಸೋ ತೂತೇ ಕಾಣಕಿಲ್ಲ ಕಣ್ಲಾ" ಅನ್ನುತ್ತಿದ್ದಳು. ಕಣ್ಣು ಮಂಜು, ಕೈ ನಡುಕ. ಫೋನನ್ನು ಹಲಗೆಯ ಮೇಲಿಟ್ಟರೆ ಸಾಕು, ತಾನಾಗಿ ಚಾರ್ಜ್ ಆಗಬೇಕು. ಅಂಥದ್ದೊಂದನ್ನು ನಾನೇ ಮಾಡುತ್ತೇನೆಂದು ಹೊರಟೆ. ಲ್ಯಾಮಿಂಗ್ಟನ್ ರೋಡಿನಿಂದ ಮೋಟಾರ್ ಸುತ್ತುವ ತಾಮ್ರದ ತಂತಿ, ಎರಡು ಮಾಸ್‌ಫೆಟ್, ಕೆಪಾಸಿಟರ್, ಡಯೋಡುಗಳು ಬಂದವು.

ಎರಡು ಸುರುಳಿ ಸುತ್ತಿದೆ. ಒಂದಕ್ಕೆ ವಿದ್ಯುತ್ತು ಕೊಟ್ಟು ಇನ್ನೊಂದನ್ನು ಮೇಲೆ ಹಿಡಿದಾಗ ಪುಟ್ಟ ಎಲ್‌ಇಡಿ ಹೊತ್ತಿತು. 1831ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ನೋಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ಬೇರೆಬೇರೆ ತಂತಿ ಸುತ್ತಿದ್ದ. ಒಂದನ್ನು ಬ್ಯಾಟರಿಗೆ ಸೇರಿಸಿದ ಕ್ಷಣ, ಬಿಡಿಸಿದ ಕ್ಷಣ ಮಾತ್ರ ಇನ್ನೊಂದು ಕಡೆಯ ಮುಳ್ಳು ಅಲುಗಿತು, ನಡುವೆ ಸುಮ್ಮನಿತ್ತು. ಅಂದರೆ ವಿದ್ಯುತ್ತು ಬದಲಾಗುತ್ತಿದ್ದರೆ ಮಾತ್ರ ಆಚೆಗೆ ದಾಟುತ್ತದೆ. ಮಾಸ್‌ಫೆಟ್‌ಗಳ ಕೆಲಸವೂ ಅಷ್ಟೇ, ಸೆಕೆಂಡಿಗೆ ಲಕ್ಷ ಸಲ ಅತ್ತಿತ್ತ ಬದಲಿಸುವುದು.

ಆದರೆ ಸುರುಳಿಗಳನ್ನು ನಾಲ್ಕು ಬೆರಳು ದೂರ ಸರಿಸಿದೆ ನೋಡಿ, ಎಲ್‌ಇಡಿ ಆರಿತು. ನಿಕೋಲಾ ಟೆಸ್ಲಾನನ್ನು ಸೋಲಿಸಿದ್ದರಲ್ಲಿ ಈ ದೂರದ ಪಾಲೂ ಇದೆ. ಅವನಿಗೆ ಬೇಕಿದ್ದದ್ದು ಬೆರಳುಗಳ ಲೆಕ್ಕವಲ್ಲ, ಸಮುದ್ರಗಳ ಲೆಕ್ಕ. ಜೆ.ಪಿ. ಮಾರ್ಗನ್ ಕೊಟ್ಟ ಒಂದೂವರೆ ಲಕ್ಷ ಡಾಲರಿನಲ್ಲಿ 1901ರಲ್ಲಿ ನ್ಯೂಯಾರ್ಕ್ ಬಳಿಯ ವಾರ್ಡನ್‌ಕ್ಲಿಫ್‌ನಲ್ಲಿ ಗೋಪುರ ಎಬ್ಬಿಸತೊಡಗಿದ. ಭೂಮಿಯನ್ನೇ ತಂತಿಯಾಗಿ ಬಳಸಿ ಲೋಕಕ್ಕೆಲ್ಲ ವಿದ್ಯುತ್ತು ಹಂಚುವ ಕನಸು. ಅದೇ ಡಿಸೆಂಬರಿನಲ್ಲಿ ಮಾರ್ಕೋನಿ ಅಗ್ಗದ ಸಲಕರಣೆಯಲ್ಲೇ ಅಟ್ಲಾಂಟಿಕ್ ಆಚೆಗೆ ಸಂಕೇತ ಕಳಿಸಿಬಿಟ್ಟ. ಮಾರ್ಗನ್ ಮತ್ತೆ ದುಡ್ಡು ಬಿಚ್ಚಲಿಲ್ಲ. 1917ರಲ್ಲಿ ಗೋಪುರವನ್ನು ಕೆಡವಿದರು.

ಆ ಗೋಪುರ ಅರ್ಧಕ್ಕೆ ನಿಂತಿದ್ದ ಹೊತ್ತಿನಲ್ಲೇ ನಮ್ಮ ತಾಲ್ಲೂಕಿನಲ್ಲಿ ತಂತಿ ಗೆದ್ದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ವಿದ್ಯುತ್ತು ಹರಿಯಿತು. ಅಷ್ಟು ದೂರದ ಲೈನು ಆಗ ಲೋಕದಲ್ಲೇ ಅಪರೂಪ. ಚಿಕ್ಕಂದಿನಿಂದ ಆ ಕಂಬಗಳ ಕತೆ ಕೇಳಿ ಬೆಳೆದ ನನಗೆ, ಸುರುಳಿ ಸುತ್ತುವವರೆಗೂ ಒಂದು ಸಂಗತಿ ಹೊಳೆದಿರಲಿಲ್ಲ. ಆ ಲೈನಿನ ಎರಡೂ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದವು. ಟ್ರಾನ್ಸ್‌ಫಾರ್ಮರ್ ಅಂದರೆ ಫ್ಯಾರಡೆಯ ಬಳೆಯೇ: ಒಂದಕ್ಕೊಂದು ತಾಗದ ಎರಡು ಸುರುಳಿ. 92 ಮೈಲಿ ತಂತಿಯಲ್ಲಿ ಬಂದ ವಿದ್ಯುತ್ತು ಕಡೆಯ ಗೇಣನ್ನು ತಂತಿಯಿಲ್ಲದೆಯೇ ದಾಟುತ್ತಿತ್ತು! ತಂತಿಯಿಲ್ಲದ ವಿದ್ಯುತ್ತು ನಮ್ಮೂರಿಗೆ ಅಂದೇ ಬಂದಿತ್ತು, ಯಾರೂ ಹಾಗೆ ಕರೆದಿರಲಿಲ್ಲ ಅಷ್ಟೆ.

ದೂರದ ಆಸೆ ಮತ್ತೆ ಚಿಗುರಿದ್ದು 2007ರಲ್ಲಿ. ಎಂಐಟಿಯ ಮರಿನ್ ಸೋಲ್ಯಾಚಿಚ್ ತಂಡ ಎರಡು ಮೀಟರ್ ಆಚೆಗಿನ 60 ವ್ಯಾಟ್ ಬಲ್ಬನ್ನು ಹೊತ್ತಿಸಿತು. ಎರಡು ಸುರುಳಿಯೂ ಒಂದೇ ಶ್ರುತಿಯಲ್ಲಿ ಮಿಡಿಯುವಂತೆ ಮಾಡಿದ್ದೇ ಗುಟ್ಟು. ಆದರೂ ತಲುಪಿದ್ದು ಶೇ. 40ರಷ್ಟು. ಅಂಗಡಿಗೆ ಬಂದ ಚಾರ್ಜರುಗಳು ಮಾತ್ರ ಹತ್ತಿರವೇ ಸಾಕೆಂದವು. 2010ರ 'ಚೀ' ಮಾನದಂಡ ಮಿಲಿಮೀಟರುಗಳಲ್ಲಿ, ಮೊದಮೊದಲು 5 ವ್ಯಾಟಿನಲ್ಲಿ ತೃಪ್ತಿಪಟ್ಟಿತು.

ನನ್ನದು ಫೋನನ್ನು ಚಾರ್ಜ್ ಮಾಡಿತು, ಸುಳ್ಳಲ್ಲ. ಮೂರು ಪಾಲು ಕೊಟ್ಟರೆ ಒಂದು ಪಾಲು ಸೇರುತ್ತಿತ್ತು. ಒಮ್ಮೆ ಹಲಗೆಯ ಮೇಲೆ ಐದು ರೂಪಾಯಿ ನಾಣ್ಯ ಮರೆತಿದ್ದೆ. ಎತ್ತಲು ಹೋದರೆ ಬೆರಳು ಚುರ್ರೆಂದಿತು. ಲೋಹದೊಳಗೂ ವಿದ್ಯುತ್ತು ಸುತ್ತಿ ಕಾಯಿಸುತ್ತದಲ್ಲ! ಕಂಪನಿಯ ಚಾರ್ಜರು ಮೇಲೆ ಕೂತಿರುವುದು ಫೋನೋ ಕಾಸೋ ಎಂದು ವಿಚಾರಿಸಿಕೊಂಡು ಕೆಲಸ ಮಾಡುತ್ತದೆ. ನನ್ನ ಸುರುಳಿಗೆ ಆ ವಿವೇಕವಿಲ್ಲ. ಎಲೆಯಡಿಕೆ ಸಂಚಿ, ಬೀಗದ ಕೈ, ಚಿಲ್ಲರೆ ಎಲ್ಲ ಒಂದೇ ಕಡೆ ಇಡುವ ಅವ್ವನ ಮನೆಗೆ ಅದನ್ನು ಕಳಿಸಲು ಮನಸ್ಸು ಒಪ್ಪಲಿಲ್ಲ.

ಗೌರಿ ಹಬ್ಬಕ್ಕೆ ಹೋದಾಗ ಅಂಗಡಿಯ ಚಾರ್ಜರನ್ನೇ ಒಯ್ದೆ. ಅವಳ ಹಳೆ ಫೋನಿನ ಬೆನ್ನಿಗೆ ತೆಳ್ಳನೆಯ ರಿಸೀವರ್ ಅಂಟಿಸಿ, ಅದರ ಪಿನ್ನನ್ನು ಕಾಯಮ್ಮಾಗಿ ಕೂರಿಸಿದೆ. ನಾನು ಮಾಡಿದ್ದರಲ್ಲಿ ಉಳಿದದ್ದು ಹಲಗೆ ಮಾತ್ರ. ಫೋನು ಸರಿಯಾದ ಜಾಗಕ್ಕೇ ಜಾರಲೆಂದು ಎರಡು ಪಕ್ಕ ಮರದ ಪಟ್ಟಿ ಹೊಡೆದಿದ್ದೆ. ಅವ್ವ ಕೈಯಾಡಿಸಿ ನೋಡಿ, "ತೊಟ್ಲು ಇದ್ದಂಗೈತೆ" ಅಂದಳು.

ಈಗ ರಾತ್ರಿ ಎಂಟಕ್ಕೆ ಮಾಡಿದರೆ ಎರಡನೇ ರಿಂಗಿಗೇ ಎತ್ತುತ್ತಾಳೆ.