ಬಾಕಾ ಎಂಬ ಡಾರ್ಲಿಂಗ್: ಎರಡು ಹೆಸರಿನ ಒಂದು ನದಿ

ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಉದ್ದಕ್ಕೂ ಒಂದು ಪರ್ವತಶ್ರೇಣಿ ಹಬ್ಬಿದೆ. ಅದರ ಪೂರ್ವಕ್ಕೆ ಸುರಿದ ಮಳೆ ಬೇಗನೆ ಶಾಂತಸಾಗರವನ್ನು ಸೇರುತ್ತದೆ. ಪಶ್ಚಿಮಕ್ಕೆ ಸುರಿದ ನೀರಿಗೆ ದಾರಿ ಬಹಳ ದೂರ. ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗದಲ್ಲೂ ನ್ಯೂ ಸೌತ್ ವೇಲ್ಸಿನ ಉತ್ತರ ಭಾಗದಲ್ಲೂ ಹುಟ್ಟುವ ಅನೇಕ ಹೊಳೆಗಳು ಬಾರ್ವನ್ ನದಿಯಲ್ಲಿ ಕೂಡುತ್ತವೆ. ಬರ್ಕ್ ಪಟ್ಟಣಕ್ಕಿಂತ ಮೇಲೆ ಕಲ್ಗೋವಾ ಹೊಳೆ ಬಂದು ಸೇರಿದ ಬಳಿಕ ಈ ನದಿಗೆ ಡಾರ್ಲಿಂಗ್ ಎಂದು ಹೆಸರು. ಅಲ್ಲಿಂದ ನೈಋತ್ಯ ದಿಕ್ಕಿಗೆ ಸುಮಾರು 1,470 ಕಿ.ಮೀ. ಹರಿದು ವೆಂಟ್‌ವರ್ತ್ ಎಂಬಲ್ಲಿ ಅದು ಮರ್ರೇ ನದಿಯನ್ನು ಸೇರುತ್ತದೆ. ಈ ಎರಡು ನದಿಗಳ ಜಲಾನಯನ ಪ್ರದೇಶ ಹತ್ತು ಲಕ್ಷ ಚದರ ಕಿ.ಮೀ.ಗೂ ಮಿಕ್ಕಿದ್ದು, ಇಡೀ ಖಂಡದ ಏಳರಲ್ಲಿ ಒಂದು ಪಾಲು.

ಡಾರ್ಲಿಂಗ್ ಎಂಬ ಹೆಸರಿಗೆ ಇನ್ನೂರು ವರ್ಷವೂ ತುಂಬಿಲ್ಲ. ದಡದ ಮೂಲನಿವಾಸಿಗಳು ಇದನ್ನು ಬಾಕಾ ಅಥವಾ ಬಾರ್ಕಾ ಎನ್ನುತ್ತಾರೆ. ಅವರು ತಮ್ಮನ್ನು ಕರೆದುಕೊಳ್ಳುವುದು ಬಾರ್ಕಂಜಿ ಎಂದು. ನದಿಯ ಹೆಸರಿಗೆ 'ಸೇರಿದವರು' ಎಂಬ ಅರ್ಥದ ಪ್ರತ್ಯಯ ಹತ್ತಿ ಆದ ಪದವದು. ಅಂದರೆ 'ನದಿಗೆ ಸೇರಿದವರು'. ಹೊಳೆಯ ಹೆಸರೇ ಜನರ ಹೆಸರು, ಅವರ ಭಾಷೆಯ ಹೆಸರೂ ಅದೇ. ಊರು-ಹೊಳೆಗಳ ಹೆಸರಿನೊಂದಿಗೆ ಏನೆಲ್ಲ ಬೆಸೆದುಕೊಂಡಿರುತ್ತದೆ ಎಂಬುದನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬತ್ತುವುದೂ ಉಕ್ಕುವುದೂ

ಈ ನದಿ ವರ್ಷವಿಡೀ ಒಂದೇ ಸಮನೆ ಹರಿಯುವಂಥದ್ದಲ್ಲ. ಅದು ಹಾದುಹೋಗುವ ಪಶ್ಚಿಮದ ಬಯಲಿನಲ್ಲಿ ವರ್ಷಕ್ಕೆ ಸುಮಾರು 250 ಮಿ.ಮೀ. ಮಾತ್ರ ಮಳೆ. ನೀರೆಲ್ಲ ದೂರದ ಮೇಲ್ನಾಡಿನಿಂದಲೇ ಬರಬೇಕು. ಬರಗಾಲದಲ್ಲಿ ಹರಿವು ನಿಂತು ಸಾಲುಮಡುಗಳಷ್ಟೇ ಉಳಿಯುತ್ತವೆ. ಮೇಲೆ ಭಾರಿ ಮಳೆಯಾದರೆ ವಾರಗಟ್ಟಲೆ ನಿಧಾನವಾಗಿ ಇಳಿದು ಬರುವ ನೆರೆ ಕಿಲೋಮೀಟರುಗಟ್ಟಲೆ ಬಯಲನ್ನು ತುಂಬುತ್ತದೆ.

ಇಲ್ಲಿನ ಜೀವಜಾಲ ಈ ಏರಿಳಿತಕ್ಕೆ ಹೊಂದಿಕೊಂಡೇ ಬೆಳೆದದ್ದು. ನಾವು ನೀಲಗಿರಿ ಎಂದು ಕರೆಯುವ ಮರದ ಕುಲಕ್ಕೆ ಸೇರಿದ ಕೆಂಪು ಗಮ್ ಮರಗಳು ದಡದುದ್ದಕ್ಕೂ ನಿಂತಿವೆ. ಆಗಾಗ ಬರುವ ನೆರೆಯೇ ಅವುಗಳಿಗೆ ಆಧಾರ. ಗೋಲ್ಡನ್ ಪರ್ಚ್ ಎಂಬ ಮೀನು ಹೊಸನೀರು ಬಂದಾಗ ಮೊಟ್ಟೆಯಿಡುತ್ತದೆ. ಮರಿಗಳು ನೂರಾರು ಕಿ.ಮೀ. ಕೊಚ್ಚಿಕೊಂಡು ಬಂದು ಮೆನಿಂಡಿಯ ಕೆರೆಗಳಲ್ಲಿ ಬೆಳೆದು, ಆಮೇಲೆ ಮರ್ರೇ ನದಿಯವರೆಗೂ ಹರಡುತ್ತವೆ. ಮರ್ರೇ ಕಾಡ್ ಎಂಬ ದೊಡ್ಡ ಮೀನು ಒಂದು ಮೀಟರಿಗೂ ಉದ್ದ ಬೆಳೆದು ಹಲವು ದಶಕ ಬದುಕಬಲ್ಲದು. ಬರಗಾಲದಲ್ಲಿ ಅದಕ್ಕೆ ಆಳದ ಮಡುವೇ ಆಶ್ರಯ.

ಮನುಷ್ಯರೂ ಹಾಗೆಯೇ ಹೊಂದಿಕೊಂಡಿದ್ದರು. ಬಾರ್ವನ್ ದಡದ ಬ್ರೆವಾರಿನಾದಲ್ಲಿ ಮೀನು ಹಿಡಿಯಲು ನದಿಯ ಪಾತ್ರದಲ್ಲೇ ಕಟ್ಟಿದ ಕಲ್ಲಿನ ಕಟ್ಟೆಗಳು ಸುಮಾರು ಅರ್ಧ ಕಿ.ಮೀ. ಉದ್ದಕ್ಕೆ ಹಬ್ಬಿವೆ. ನೀರು ಏರಲಿ ಇಳಿಯಲಿ, ಯಾವುದಾದರೊಂದು ಮಟ್ಟದ ಕಟ್ಟೆ ಉಪಯೋಗಕ್ಕೆ ಬರುವಂತೆ ಅವುಗಳ ರಚನೆ. ಎಂಬಾ ಜನರು ಇವುಗಳ ಪಾಲಕರು. ನೆರೆಯ ಕುಲಗಳವರೂ ಇಲ್ಲಿ ಕೂಡಿ ಮೀನು ಹಂಚಿಕೊಳ್ಳುತ್ತಿದ್ದರು. 2005ರಲ್ಲಿ ಇವು ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿದವು.

ಹೊಸ ಹೆಸರು, ಹೊಸ ಒಡೆತನ

1829ರ ಫೆಬ್ರವರಿಯಲ್ಲಿ ಚಾರ್ಲ್ಸ್ ಸ್ಟರ್ಟ್ ಎಂಬ ಸೇನಾಧಿಕಾರಿ ಬರ್ಕ್‌ನ ಸಮೀಪದಲ್ಲಿ ಈ ನದಿಯ ದಡಕ್ಕೆ ಬಂದನು. ಅದು ಕಠಿಣ ಬರಗಾಲ. ಬಾಯಾರಿ ಬಂದವರಿಗೆ ಸಿಕ್ಕಿದ್ದು ಉಪ್ಪುನೀರು. ಹರಿವು ಕುಗ್ಗಿದಾಗ ನೆಲದೊಳಗಿನ ಉಪ್ಪಿನ ಒರತೆ ನದಿಗೆ ಸೇರುವುದರಿಂದ ಹೀಗಾಗುತ್ತದೆ. ಅಂದಿನ ಗವರ್ನರ್ ರಾಲ್ಫ್ ಡಾರ್ಲಿಂಗನ ಹೆಸರನ್ನು ಸ್ಟರ್ಟ್ ನದಿಗಿಟ್ಟನು. 1835ರಲ್ಲಿ ಥಾಮಸ್ ಮಿಚೆಲ್ ನದಿಯ ಗುಂಟ ಮೆನಿಂಡಿಯ ಕಡೆಗೆ ಇಳಿದನು. ಅವನ ತಂಡಕ್ಕೂ ದಡದ ಜನರಿಗೂ ನಡೆದ ಘರ್ಷಣೆಯಲ್ಲಿ ಮೂಲನಿವಾಸಿಗಳು ಗುಂಡಿಗೆ ಬಲಿಯಾದರು.

ಮುಂದೆ ಕುರಿ ಸಾಕುವವರು ಬಂದು ದಡದ ನೆಲವನ್ನು ಆಕ್ರಮಿಸಿದರು. 1859ರಲ್ಲಿ ಉಗಿಹಡಗುಗಳು ಡಾರ್ಲಿಂಗಿನ ಮೇಲ್ಭಾಗದವರೆಗೆ ಬಂದವು. ವಿಲ್ಕೇನಿಯಾ, ಬರ್ಕ್ ಮುಂತಾದ ಊರುಗಳು ಉಣ್ಣೆಯ ರೇವುಗಳಾದವು. ನೀರಿಳಿದರೆ ಹಡಗು ಕೆಸರಿನಲ್ಲಿ ಸಿಕ್ಕಿ ಮುಂದಿನ ನೆರೆಯವರೆಗೆ ಕಾಯಬೇಕಿತ್ತು. 1885ರಲ್ಲಿ ಬರ್ಕ್‌ಗೆ ರೈಲು ಬಂದಮೇಲೆ ಹಡಗಿನ ವ್ಯಾಪಾರ ಕ್ರಮೇಣ ಕುಗ್ಗಿತು. ನೆಲ ಕಳೆದುಕೊಂಡ ಬಾರ್ಕಂಜಿ ಜನ ಅದೇ ನೆಲದಲ್ಲಿ ಕುರಿಮಂದೆಯ ಕೂಲಿಗಳಾದರು.

1901ರಲ್ಲಿ ವಸಾಹತುಗಳು ಸೇರಿ ಒಕ್ಕೂಟವಾದಾಗ ನದಿನೀರಿನ ವಿಚಾರ ದೊಡ್ಡ ಜಗಳಕ್ಕೆ ಕಾರಣವಾಗಿತ್ತು. ಸಂವಿಧಾನದ 100ನೆಯ ವಿಧಿಯು ನದಿನೀರಿನ ನ್ಯಾಯೋಚಿತ ಬಳಕೆಯ ಹಕ್ಕನ್ನು ರಾಜ್ಯಗಳಿಗೂ ಅಲ್ಲಿನ ನಿವಾಸಿಗಳಿಗೂ ಉಳಿಸಿಕೊಟ್ಟಿತು. ನದಿ ಒಂದೇ ಆದರೂ ಲೆಕ್ಕಪುಸ್ತಕಗಳು ಹಲವಾದವು.

ನೀರು ಹೋದ ದಾರಿ

1949ರಲ್ಲಿ ಆರಂಭವಾದ ಕಾಮಗಾರಿಯಿಂದ ಮೆನಿಂಡಿಯ ಸಹಜ ಕೆರೆಗಳು 1960ರ ದಶಕದ ಹೊತ್ತಿಗೆ ಜಲಾಶಯಗಳಾದವು. ಅದೇ ದಶಕದಲ್ಲಿ ಮೇಲ್ದಂಡೆಯ ನಮೋಯ್ ಕಣಿವೆಯಲ್ಲಿ ನೀರಾವರಿಯ ಹತ್ತಿ ಬೇಸಾಯ ಬೇರೂರಿ ಇತರ ಕಣಿವೆಗಳಿಗೂ ಹಬ್ಬಿತು. ನದಿಯಿಂದ ಪಂಪು ಮಾಡಿದ ನೀರಲ್ಲದೆ, ಬಯಲಿಗೆ ಹರಿದ ನೆರೆನೀರನ್ನೂ ಏರಿ ಕಟ್ಟಿ ಖಾಸಗಿ ಕೆರೆಗಳಲ್ಲಿ ತುಂಬಿಕೊಳ್ಳಲಾಯಿತು. ಇದಕ್ಕೆ ಬಹುಕಾಲ ಸರಿಯಾದ ಅಳತೆಯೇ ಇರಲಿಲ್ಲ.

1991ರ ಕೊನೆಯಲ್ಲಿ ಬಾರ್ವನ್-ಡಾರ್ಲಿಂಗಿನ ಸುಮಾರು 1,000 ಕಿ.ಮೀ. ಉದ್ದಕ್ಕೂ ವಿಷಕಾರಿ ನೀಲಿ-ಹಸಿರು ಪಾಚಿ ಹಬ್ಬಿ, ನ್ಯೂ ಸೌತ್ ವೇಲ್ಸ್ ಸರಕಾರ ತುರ್ತುಸ್ಥಿತಿ ಘೋಷಿಸಿತು. 1995ರಲ್ಲಿ ನೀರೆತ್ತುವುದಕ್ಕೆ ಮಿತಿ ಹಾಕಲಾಯಿತು. 2012ರ ಜಲಾನಯನ ಯೋಜನೆ ವರ್ಷಕ್ಕೆ 2,750 ಶತಕೋಟಿ ಲೀಟರ್ ನೀರನ್ನು ನದಿಗಳಿಗೆ ಮರಳಿಸುವ ಗುರಿಯಿಟ್ಟಿತು. ಆದರೆ 2018ರಲ್ಲಿ ಉತ್ತರ ಭಾಗದ ಪಾಲನ್ನು 390ರಿಂದ 320 ಶತಕೋಟಿ ಲೀಟರಿಗೆ ಇಳಿಸಲಾಯಿತು.

ಅದೇ ವರ್ಷದ ಡಿಸೆಂಬರಿನಿಂದ 2019ರ ಜನವರಿಯವರೆಗೆ ಮೆನಿಂಡಿಯಲ್ಲಿ ಮೂರು ಬಾರಿ ಮೀನುಗಳ ರಾಶಿ ಸತ್ತು ತೇಲಿತು. ನಿಂತ ನೀರಿನಲ್ಲಿ ಪಾಚಿ ಬೆಳೆದಿತ್ತು. ಬಿಸಿಯಾದ ಮೇಲ್ಪದರದ ಕೆಳಗೆ ಆಮ್ಲಜನಕವಿಲ್ಲದ ತಣ್ಣನೆಯ ಪದರವಿತ್ತು. ಹವೆ ಒಮ್ಮೆಲೇ ತಂಪಾದಾಗ ಎರಡೂ ಕಲಸಿ ಮೀನುಗಳಿಗೆ ಉಸಿರಾಡಲು ಆಮ್ಲಜನಕ ಸಾಲದಾಯಿತು. ದಶಕಗಳ ವಯಸ್ಸಿನ ಮರ್ರೇ ಕಾಡ್‌ಗಳೂ ಸತ್ತವು. ಬರಗಾಲ ತೀವ್ರವಾಗಿತ್ತಾದರೂ ಮೇಲ್ದಂಡೆಯ ಅತಿಯಾದ ನೀರೆತ್ತುವಿಕೆಯೇ ಹೆಚ್ಚಿನ ಕಾರಣವೆಂದು ಆಸ್ಟ್ರೇಲಿಯಾದ ವಿಜ್ಞಾನ ಅಕಾಡೆಮಿ 2019ರ ವರದಿಯಲ್ಲಿ ಹೇಳಿತು. ಬರಗಾಲ ಈ ನದಿಗೆ ಹೊಸದಲ್ಲ. ಬರದಲ್ಲಿ ಜೀವ ಉಳಿಸುವ ಮಡುಗಳಿಗೂ ನೀರು ಸಾಲದೆ ಹೋದದ್ದು ಹೊಸದು. 2023ರ ಮಾರ್ಚಿನಲ್ಲಿ, ನೆರೆ ಇಳಿದ ಬಳಿಕ, ಅಲ್ಲಿಯೇ ಕೋಟಿಗಟ್ಟಲೆ ಮೀನುಗಳು ಮತ್ತೆ ಸತ್ತವು. ಕೊಳೆತ ಸಸ್ಯರಾಶಿಯೂ ಬಿಸಿಲಿನ ಝಳವೂ ನೀರಿನ ಆಮ್ಲಜನಕವನ್ನು ಹೀರಿದ್ದವು.

ನದಿಗೆ ಸೇರಿದವರು

ಬ್ರಿಟಿಷರು ಬರುವ ಮೊದಲು ಆ ನೆಲ ಯಾರಿಗೂ ಸೇರಿರಲಿಲ್ಲವೆಂಬ ವಾದವನ್ನು ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯ 1992ರ ಮಾಬೋ ತೀರ್ಪಿನಲ್ಲಿ ತಳ್ಳಿಹಾಕಿತು. ಬಾರ್ಕಂಜಿ ಜನ 1997ರಲ್ಲಿ ತಮ್ಮ ಪಾರಂಪರಿಕ ಹಕ್ಕಿಗಾಗಿ ಅರ್ಜಿ ಸಲ್ಲಿಸಿದರು. ಫೆಡರಲ್ ನ್ಯಾಯಾಲಯ ಅದನ್ನು ಮಾನ್ಯಮಾಡಿದ್ದು 2015ರ ಜೂನ್ 16ರಂದು. ಹದಿನೆಂಟು ವರ್ಷ ಹಿಡಿದ ಈ ಹೋರಾಟದ ಫಲ ಕಾಣದೆಯೇ ಹಲವು ಹಿರಿಯರು ತೀರಿಹೋಗಿದ್ದರು. ಸುಮಾರು 1,28,000 ಚದರ ಕಿ.ಮೀ. ವಿಸ್ತಾರದಲ್ಲಿ ಅವರ ಹಕ್ಕು ದಾಖಲಾಯಿತು. ಆದರೆ ನದಿಯ ಹರಿವಿನ ಮೇಲೆ ಅಧಿಕಾರ ಸಿಗಲಿಲ್ಲ. ನೀರಿನ ಪಾಲುಗಳು ಅದಕ್ಕೆ ಮೊದಲೇ ಹಂಚಿಹೋಗಿದ್ದವು.

ಅವರ ಭಾಷೆಯ ಗತಿಯೂ ಇದರಿಂದ ದೂರವಿಲ್ಲ. ವಿದುಷಿ ಲೂಯಿಸ್ ಹರ್ಕಸ್ ಉಳಿದಿದ್ದ ಹಿರಿಯರ ಮಾತನ್ನು ದಾಖಲಿಸಿ 1982ರಲ್ಲಿ ಅದರ ವ್ಯಾಕರಣವನ್ನು ಪ್ರಕಟಿಸಿದರು. ಹೊಸ ತಲೆಮಾರಿನವರು ಈಗ ಆ ಭಾಷೆಯನ್ನು ಮತ್ತೆ ಕಲಿಯಲು ಯತ್ನಿಸುತ್ತಿದ್ದಾರೆ. ಆದರೆ ಮೀನು, ಮಡು, ನೆರೆಗಳಿಗಿರುವ ಪದಗಳನ್ನು ಪುಸ್ತಕದಿಂದ ಕಲಿತ ಮಗುವಿಗೆ ಅವುಗಳನ್ನು ತೋರಿಸಲು ನದಿ ಬೇಕು. 'ಬಾಕಾ' ಎಂಬ ಹೆಸರು ಈಚೆಗೆ ಬರಹಗಳಲ್ಲಿ ಡಾರ್ಲಿಂಗಿನ ಜೊತೆಜೊತೆಗೆ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ವಿಷಯ. ಅದರೊಂದಿಗೆ ವೆಂಟ್‌ವರ್ತ್‌ವರೆಗೂ ನೀರು ಹರಿದು ಬರಬೇಕೆಂಬುದು ಆ ದಡದ ಜನರ ಬೇಡಿಕೆ. ನದಿಗೆ ಸೇರಿದವರೆಂದು ತಮ್ಮನ್ನು ಕರೆದುಕೊಂಡವರು ಕೇಳಬಹುದಾದ ಅತಿ ಸಾಮಾನ್ಯವಾದ ಬೇಡಿಕೆಯೂ ಅದೇ.