ಮೇಲಧಿಕಾರಿಯ ದರ್ಪ: ಕಾರವಾರ, ಅಂಕೋಲೆಯ ದುಡಿಮೆಯ ಲೋಕದಲ್ಲಿ

ಕೈಕೆಳಗಿನವರನ್ನು ಪದೇ ಪದೇ ಹೀಯಾಳಿಸುವುದು, ನಾಲ್ಕು ಜನರೆದುರು ಬೈಯುವುದು, ತನ್ನ ತಪ್ಪನ್ನು ಅವರ ತಲೆಗೆ ಕಟ್ಟುವುದು, ಅವರ ಕೆಲಸದ ಹೆಸರನ್ನು ತಾನು ಹೊಡೆದುಕೊಳ್ಳುವುದು, ಮಾತು ಬಿಟ್ಟು ದಿನಗಟ್ಟಲೆ ಸತಾಯಿಸುವುದು ಮೇಲಧಿಕಾರಿಯ ದರ್ಪದ ಸಾಮಾನ್ಯ ರೂಪಗಳು. ಸಂಘಟನಾ ಮನೋವಿಜ್ಞಾನದಲ್ಲಿ ಇದು ಪ್ರತ್ಯೇಕ ಅಧ್ಯಯನ ವಿಷಯವಾಗಿ ಬೆಳೆದದ್ದು ಅಮೆರಿಕದ ಬೆನೆಟ್ ಟೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಬಂಧದ ನಂತರ. ಅವರ ವ್ಯಾಖ್ಯೆಯಂತೆ ಒಂದು ದಿನದ ಸಿಟ್ಟು ದರ್ಪವಲ್ಲ, ಅದು ನಿರಂತರವಾಗಿರಬೇಕು; ಮೈಮುಟ್ಟುವ ಹಿಂಸೆಯೂ ಇದರಲ್ಲಿ ಸೇರದು. ಅದನ್ನು ಅಳೆಯುವುದು 15 ಹೇಳಿಕೆಗಳ ಪ್ರಶ್ನಾವಳಿಗೆ ನೌಕರ ಕೊಡುವ ಉತ್ತರದಿಂದ. ಅಂದರೆ ಅಳತೆಗೋಲು ಬೈಸಿಕೊಂಡವನ ಕೈಯಲ್ಲಿದೆ. ಈ ಕ್ಷೇತ್ರದ ಬಲವೂ ಅದೇ, ದೌರ್ಬಲ್ಯವೂ ಅದೇ.

ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ನೌಕಾನೆಲೆ, ಅಣುಸ್ಥಾವರ, ಬಂದರು, ಮೀನುಗಾರಿಕೆ ಬೋಟು, ಸರ್ಕಾರಿ ಕಚೇರಿ ಎಲ್ಲವೂ ಇವೆ. ಇವುಗಳಲ್ಲಿ ಹೆಚ್ಚಿನವು ಶ್ರೇಣಿ ಗಟ್ಟಿಯಾಗಿರುವ, ಕೆಳಗಿನವನ ಕಣ್ಣಿಗೆ ಬಿದ್ದದ್ದು ಮೇಲಿನವನ ಕಿವಿಗೆ ತಪ್ಪದೆ ತಲುಪಬೇಕಾದ ಕೆಲಸಗಳು. ಹಾಗಾಗಿ ದರ್ಪದಿಂದ ಆಗುವ ನಷ್ಟವನ್ನು ಉತ್ಪಾದನೆಯ ಲೆಕ್ಕದಲ್ಲಷ್ಟೇ ಹಿಡಿದರೆ ಸಾಲದು.

ಈ ನೆಲದಲ್ಲಿ ವಿಷಯಕ್ಕೆ ಹಳೆಯ ಬೇರಿದೆ. ಚುಟುಕು ಕವಿಯೆಂದೇ ಹೆಸರಾದ ಅಂಕೋಲೆಯ ದಿನಕರ ದೇಸಾಯಿ (1909–1982) ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಕಾರ್ಮಿಕರ ನಡುವೆ ದುಡಿದವರು. ಭಾರತೀಯ ನಾವಿಕರ ಸ್ಥಿತಿಗತಿಯ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1940ರಲ್ಲಿ ಹೊರಬಂತು. ಆ ಕಾಲದಲ್ಲಿ ಹಡಗಿನ ಕೆಲಸ ಸಿಗುತ್ತಿದ್ದುದು ನಾವಿಕರ ಮೇಸ್ತ್ರಿಯಾದ ಸಾರಂಗನ ಕೃಪೆಯಿಂದ. ದಡದ ದಲ್ಲಾಳಿ ಊಟ, ವಸತಿ, ಸಾಲ ಕೊಟ್ಟು ಖಲಾಸಿಯನ್ನು ಕಟ್ಟಿಹಾಕುತ್ತಿದ್ದ. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೀಳುತ್ತಿದ್ದ. ಬೈಗುಳಕ್ಕೆ ಎದುರಾಡಿದವನಿಗೆ ಮುಂದಿನ ಹಡಗು ಇಲ್ಲ. ದೇಸಾಯಿಯವರು ಊರಿನ ಗೇಣಿದಾರ ರೈತರನ್ನೂ ಸಂಘಟಿಸಿದರು, ಆ ಕಾರಣಕ್ಕೆ 1940ರಲ್ಲಿ ಜಿಲ್ಲೆಯಿಂದ ಗಡಿಪಾರಾದರು. ಒಡೆಯ, ಸಾರಂಗ ಇಬ್ಬರ ಬಲವೂ ಒಂದೇ ಕಡೆ ಇತ್ತು: ಬಿಟ್ಟುಹೋಗಲು ದುಡಿಯುವವನಿಗೆ ಬೇರೆ ದಾರಿ ಇರಲಿಲ್ಲ. ಇಂದಿನ ಸಂಶೋಧನೆಯೂ ಇದನ್ನೇ ಕಂಡಿದೆ. ಟೆಪ್ಪರರ 2000ದ ಅಧ್ಯಯನದಲ್ಲಿ ಬೇರೆ ನೌಕರಿ ಸುಲಭವಾಗಿ ಸಿಗದವರ ಮೇಲೆಯೇ ದರ್ಪದ ಪರಿಣಾಮ ಹೆಚ್ಚು ತೀವ್ರವಾಗಿತ್ತು.

ದರ್ಪ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಭಾರತದ ದೊಡ್ಡ ನಿದರ್ಶನ ಇದೇ ಪಶ್ಚಿಮ ಕರಾವಳಿಯ ನೌಕಾದಳದ್ದು. 1946ರ ಫೆಬ್ರುವರಿಯಲ್ಲಿ ಮುಂಬಯಿಯ ತಲ್ವಾರ್ ಸಂದೇಶ ತರಬೇತಿ ಕೇಂದ್ರದ ಕಮಾಂಡರ್ ಕಿಂಗ್ ಭಾರತೀಯ ನಾವಿಕರನ್ನು ತಾಯಿಯನ್ನೂ ಜನಾಂಗವನ್ನೂ ಸೇರಿಸಿ ಬೈದ. ನಾವಿಕರು ಮೊದಲು ಮಾಡಿದ್ದು ದಂಗೆಯಲ್ಲ, ನಿಯಮದ ಪ್ರಕಾರ ದೂರು. ದೂರಿಗೆ ಬೆಲೆ ಸಿಗಲಿಲ್ಲ. ಫೆಬ್ರುವರಿ 18ರಂದು ಕೆಟ್ಟ ಊಟದ ನೆಪದಲ್ಲಿ ಕೆಲಸ ನಿಂತಿತು. ಎರಡು ಮೂರು ದಿನಗಳಲ್ಲಿ ಅದು 78 ಹಡಗುಗಳಿಗೂ ಸುಮಾರು 20,000 ನಾವಿಕರಿಗೂ ಹರಡಿತು. ಸ್ವಾತಂತ್ರ್ಯದ ಕಾವು, ಸಂಬಳದ ತಾರತಮ್ಯ, ಸೇನೆಯಿಂದ ಬಿಡುಗಡೆಯ ಆತಂಕ ಎಲ್ಲ ಅದರ ಹಿಂದೆ ಇದ್ದವು. ಒಬ್ಬ ಅಧಿಕಾರಿಯ ನಾಲಿಗೆ ಮಾತ್ರ ಕಾರಣ ಎನ್ನುವುದು ಇತಿಹಾಸಕ್ಕೆ ಅನ್ಯಾಯ. ಆದರೆ ಬೈದ ದಿನಕ್ಕೂ ಮುಷ್ಕರದ ದಿನಕ್ಕೂ ನಡುವೆ ದೂರು ಕೇಳುವ ಒಂದು ಕಿವಿ ಇದ್ದಿದ್ದರೆ ಕಿಡಿ ಅಲ್ಲಿ ಬೀಳುತ್ತಿರಲಿಲ್ಲ. ಕಾರವಾರದ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ, ಸ್ವತಂತ್ರ ಭಾರತದ ನೌಕಾಪಡೆಯಲ್ಲಿ. ಅಲ್ಲಿನ ಶಿಸ್ತಿಗೆ ಈ ಕಥೆಯನ್ನು ನೇರವಾಗಿ ಅಂಟಿಸುವಂತಿಲ್ಲ.

ಬಹಿರಂಗ ದಂಗೆ ಅಪರೂಪ. ನಿತ್ಯ ನಡೆಯುವುದು ಸದ್ದಿಲ್ಲದ ಹಿಂತೆಗೆತ. ಕೆಲ್ಲಿ ಝೆಲ್ಲರ್ಸ್, ಟೆಪ್ಪರ್, ಮಿಶೆಲ್ ಡಫಿ 2002ರಲ್ಲಿ ಅಮೆರಿಕದ ಏರ್ ನ್ಯಾಷನಲ್ ಗಾರ್ಡ್ ಸೈನಿಕರ ನಡುವೆ ನಡೆಸಿದ ಅಧ್ಯಯನದಲ್ಲಿ, ದರ್ಪದ ಅಧಿಕಾರಿಯ ಕೈಕೆಳಗಿನವರು ತಮ್ಮ ಪಾಲಿನ ಕೆಲಸದಾಚೆಗಿನ ನೆರವನ್ನು ಕಡಿಮೆ ಮಾಡಿದ್ದು ಕಂಡುಬಂತು. ಹೊಸಬನಿಗೆ ಕಲಿಸುವುದು, ಪಕ್ಕದವನ ಹೊರೆ ಹಂಚಿಕೊಳ್ಳುವುದು ಮೊದಲಾದ, ಯಾರೂ ಹಾಜರಿ ಪುಸ್ತಕದಲ್ಲಿ ಬರೆಯದ ಕೆಲಸಗಳವು. ಮೇರಿ ಮಿಚೆಲ್ ಮತ್ತು ಮೌರೀನ್ ಆಂಬ್ರೋಸ್ 2007ರಲ್ಲಿ ಸೇಡಿನ ವರ್ತನೆಯನ್ನು ಗುರುತಿಸಿದರು. ಅದು ಅಧಿಕಾರಿಯ ಮೇಲೆ ಮಾತ್ರವಲ್ಲ, ಸಂಸ್ಥೆಯ ಮೇಲೂ ಸಹೋದ್ಯೋಗಿಗಳ ಮೇಲೂ ತಿರುಗುತ್ತದೆ. ಸಿಟ್ಟು ಮನೆಯವರ ಮೇಲೆ ಇಳಿಯುವುದನ್ನೂ, ಮೇಲಿನ ಹಂತದ ದರ್ಪ ಕೆಳಗಿನ ಮೇಸ್ತ್ರಿಗಳಿಗೆ ಅಂಟುವುದನ್ನೂ ನಂತರದ ಅಧ್ಯಯನಗಳು ತೋರಿಸಿವೆ. ಆದರೂ ಇವುಗಳಲ್ಲಿ ಬಹುಪಾಲು ಪ್ರಶ್ನಾವಳಿಯ ಲೆಕ್ಕ. ಕೆಲಸ ಕೆಟ್ಟದ್ದಕ್ಕೆ ಬೈಗುಳವೋ, ಬೈಗುಳಕ್ಕೆ ಕೆಲಸ ಕೆಟ್ಟಿತೋ ಎಂಬುದು ಅದರಿಂದ ಪೂರ್ತಿ ತಿಳಿಯದು.

ಇದನ್ನು ಪ್ರಯೋಗದಿಂದ ನೋಡುವ ಒಂದು ಯತ್ನ ನಡೆದದ್ದು ಇಸ್ರೇಲಿನಲ್ಲಿ. 2015ರಲ್ಲಿ ಪ್ರಕಟವಾದ ಅದರಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳು ಅಣಕು ಚಿಕಿತ್ಸೆ ನಡೆಸಿದವು. ಕೆಲವು ತಂಡಗಳಿಗೆ ಹೊರಗಿನ ತಜ್ಞನೊಬ್ಬನಿಂದ ಅವಹೇಳನದ ಮಾತು ಕೇಳಿಸಲಾಯಿತು, ಅಷ್ಟೇ. ಆ ತಂಡಗಳ ರೋಗನಿರ್ಣಯವೂ ಕೈಕೆಲಸವೂ ಕುಸಿದವು. ಸದಸ್ಯರು ಪರಸ್ಪರ ಮಾಹಿತಿ ಹಂಚಿಕೊಳ್ಳುವುದು, ನೆರವು ಕೇಳುವುದು ಕಡಿಮೆಯಾಗಿತ್ತು. ಬೈಗುಳ ಅಣಕು ಚಿಕಿತ್ಸೆಯ ಮಗುವಿನ ಬಗ್ಗೆಯೂ ಅಲ್ಲ, ತಮ್ಮ ಮೇಲಧಿಕಾರಿಯದೂ ಅಲ್ಲ ಎಂಬುದನ್ನು ನೆನೆದರೆ ಈ ಫಲಿತಾಂಶ ಗಾಬರಿ ಹುಟ್ಟಿಸುತ್ತದೆ.

ಕಾರವಾರ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. 2009ರ ನವೆಂಬರಿನಲ್ಲಿ ಅಲ್ಲಿನ 50ಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ವಿಕಿರಣಶೀಲ ಟ್ರಿಟಿಯಂ ಪತ್ತೆಯಾಯಿತು. ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಇದನ್ನು ಒಳಗಿನವರ ದುರುದ್ದೇಶದ ಕೃತ್ಯವೆಂದರು; ಅತೃಪ್ತ ನೌಕರನೊಬ್ಬನ ಮೇಲೆ ಶಂಕೆ ಹರಿದಾಡಿತು. ಯಾವ ಅಧಿಕಾರಿಯ ದರ್ಪವೂ ಇದಕ್ಕೆ ಕಾರಣವೆಂದು ಸಾಬೀತಾಗಿಲ್ಲ, ಹಾಗೆ ಊಹಿಸುವುದೂ ಸಲ್ಲ. ಇಲ್ಲಿ ಗಮನಿಸಬೇಕಾದದ್ದು ಬೇರೆ: ‘ಅತೃಪ್ತ’ ಎಂದೊಡನೆ ಚರ್ಚೆ ಹೆಚ್ಚಾಗಿ ಕ್ಯಾಮೆರಾ, ಬೀಗ, ಕಾವಲಿನ ಕಡೆ ಹೊರಟಿತು, ಅತೃಪ್ತಿಯ ಕಡೆ ಅಲ್ಲ. ಅದೇ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಅಂಥ ಓಟದಲ್ಲಿ ಸಣ್ಣ ಸೋರಿಕೆ, ಅಸಹಜ ಸದ್ದು ಪ್ರತಿ ಪಾಳಿಯಲ್ಲೂ ವರದಿಯಾಗಲೇಬೇಕು; ಹೇಳಲು ಭಯವಿದ್ದರೆ ಅದು ಆಗದು. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1996ರಲ್ಲಿ ಆಸ್ಪತ್ರೆಗಳಲ್ಲಿ ಕಂಡಿದ್ದೂ ಇದೇ: ಒಳ್ಳೆಯ ನಾಯಕತ್ವದ ತಂಡಗಳಲ್ಲಿ ವರದಿಯಾದ ತಪ್ಪುಗಳು ಹೆಚ್ಚು, ಏಕೆಂದರೆ ಅಲ್ಲಿನ ದಾದಿಯರಿಗೆ ಹೇಳಲು ಭಯವಿರಲಿಲ್ಲ.

ಬಾಯಿ ಜೋರು ಮಾಡದೆಯೂ ಬಾಯಿ ಮುಚ್ಚಿಸಬಹುದು. ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಲಕ್ಷಗಟ್ಟಲೆ ಟನ್ ಅಕ್ರಮ ಕಬ್ಬಿಣದ ಅದಿರನ್ನು ಜಪ್ತಿ ಮಾಡಿತು. ಅದರ ದೊಡ್ಡ ಪಾಲು ಹಡಗೇರಿ ಹೋಯಿತು. ದಾಳಿ ನಡೆಸಿದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಅವರ ಮೇಲೆಯೇ ಅಮಾನತಿನ ಕ್ರಮ ಹೊರಟಿತು. ಇದನ್ನು ಪ್ರತಿಭಟಿಸಿ ಲೋಕಾಯುಕ್ತ ಸಂತೋಷ ಹೆಗ್ಡೆ ಜೂನ್ 23ರಂದು ರಾಜೀನಾಮೆ ಕೊಟ್ಟರು, ಬಳಿಕ ಹಿಂಪಡೆದರು. ಟೆಪ್ಪರರ ವ್ಯಾಖ್ಯೆಗೆ ಈ ಪ್ರಕರಣ ಹೊಂದದು. ಇಲ್ಲಿ ಹೀಯಾಳಿಕೆ ಇಲ್ಲ, ಆಡಳಿತದ ಆದೇಶವಿದೆ. ಆದರೂ ನೋಡುತ್ತಿದ್ದ ಇತರ ನೌಕರರಿಗೆ ಮುಟ್ಟುವ ಪಾಠ ಒಂದೇ ಬಗೆಯದು.

ಬೈತಖೋಲ, ಬೇಲೆಕೇರಿಯ ಬೋಟುಗಳಲ್ಲಿ ಸಮಸ್ಯೆಯ ಬಣ್ಣ ಬೇರೆ. ಎಂಜಿನ್ನಿನ ಅಬ್ಬರದ ನಡುವೆ ಪರ್ಸೀನ್ ಬಲೆ ಎಳೆಯುವಾಗ ಬೋಟಿನ ಮುಖ್ಯಸ್ಥ ತಾಂಡೇಲ ಕೂಗದಿದ್ದರೆ ಕೆಲಸವೇ ಸಾಗದು. ಕೂಗು ಬಲೆಯ ಬಗ್ಗೆಯೋ ಆಳಿನ ಜಾತಿ, ಭಾಷೆ, ಊರಿನ ಬಗ್ಗೆಯೋ ಎಂಬುದು ಡೆಕ್ಕಿನ ಮೇಲಿರುವವರಿಗೆ ಚೆನ್ನಾಗಿ ಗೊತ್ತು. ಖಲಾಸಿಗಳಲ್ಲಿ ಒಡಿಶಾ, ಜಾರ್ಖಂಡಿನಂಥ ದೂರದ ರಾಜ್ಯದವರೂ ಇದ್ದಾರೆ. ಜೂನ್, ಜುಲೈ ನಿಷೇಧ ಮುಗಿಯುವ ಹೊತ್ತಿಗೆ ಮುಂಗಡ ಪಡೆದವನು ಹಂಗಾಮಿನ ನಡುವೆ ಬೋಟು ಬಿಡುವುದು ಸುಲಭವಲ್ಲ. ಮುಂಗಡ ತೀರಿದ ಮೇಲೆ ಒಂದು ಬೆಳಗ್ಗೆ ಹೇಳದೆ ಕೇಳದೆ ರೈಲು ಹತ್ತುವುದು ಅವನಿಗಿರುವ ಏಕೈಕ ಉತ್ತರ. ಅದನ್ನು ಮಾಲೀಕರು ನಂಬಿಕೆದ್ರೋಹ ಎನ್ನುತ್ತಾರೆ.

ಭಾರತದಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇವೆರಡರ ಹೊರಗೆ ಉಳಿಯುವ ಸಾಮಾನ್ಯ ದರ್ಪಕ್ಕೆ ಪ್ರತ್ಯೇಕ ಕಾನೂನಿಲ್ಲ. ಕೆಲಸದ ಲೋಕದ ಹಿಂಸೆ, ಕಿರುಕುಳವನ್ನು ಒಟ್ಟಾರೆ ನಿಷೇಧಿಸುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಡಂಬಡಿಕೆ 2019ರಲ್ಲಿ ಅಂಗೀಕಾರವಾಗಿ 2021ರಿಂದ ಜಾರಿಯಲ್ಲಿದೆ. ಸ್ಥಾವರ, ನೌಕಾನೆಲೆ, ಕಚೇರಿಗಳಲ್ಲಿ ದೂರು ಕೊಡಲು ಕಾಗದದ ಮೇಲಾದರೂ ಒಂದು ದಾರಿ ಇದೆ. ಬೋಟಿನಲ್ಲಿ ದೂರು ಕೇಳಬೇಕಾದವನೂ ತಾಂಡೇಲನೇ.