ಬೆಂಗಳೂರಿನ ನೀರು ಸರಬರಾಜು

ಬೆಂಗಳೂರು ನಗರಕ್ಕೆ ಕುಡಿಯುವ ನೀರನ್ನು ಸಂಗ್ರಹಿಸಿ, ಶುದ್ಧೀಕರಿಸಿ, ಮನೆಮನೆಗೆ ಹಂಚುವ ವ್ಯವಸ್ಥೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಈ ಊರಿನ ಪಕ್ಕದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬಿದ್ದ ಮಳೆ ಪಶ್ಚಿಮಕ್ಕೆ ಅರ್ಕಾವತಿಯತ್ತ, ಪೂರ್ವಕ್ಕೆ ದಕ್ಷಿಣ ಪಿನಾಕಿನಿಯತ್ತ ಇಳಿದುಹೋಗುತ್ತದೆ. ಇಳಿಯುವ ನೀರನ್ನು ತಡೆಯುವುದು, ಇಳಿದ ನೀರನ್ನು ಮೇಲೆತ್ತುವುದು: ನಗರದ ಜಲಯೋಜನೆಗಳ ಚರಿತ್ರೆಯನ್ನು ಈ ಎರಡು ಘಟ್ಟಗಳಲ್ಲಿ ನೋಡಬಹುದು.

ಕೆರೆಗಳ ಕಾಲ

16ನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಕೆರೆ, ಬಾವಿ, ಕಲ್ಯಾಣಿಗಳನ್ನೇ ನಂಬಿತ್ತು. ಒಂದು ಕೆರೆ ಕೋಡಿ ಬಿದ್ದರೆ ಹೆಚ್ಚುವರಿ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತಿತ್ತು. ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವ ಹೊಣೆ ನೀರಗಂಟಿಯದು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಈ ಪರಂಪರೆಯವು. ಬ್ರಿಟಿಷ್ ಸೇನೆಯ ದಂಡು ಪ್ರದೇಶ ಬೆಳೆದಂತೆ ಈ ನೀರು ಸಾಲದಾಯಿತು. 1876–78ರ ಮಹಾಕ್ಷಾಮವು ಮಳೆಯನ್ನೇ ನೆಚ್ಚಿದ ವ್ಯವಸ್ಥೆಯ ಮಿತಿಯನ್ನು ತೋರಿಸಿತು. ಇದರ ಬೆನ್ನಲ್ಲೇ, 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು.

ಅರ್ಕಾವತಿ ಯೋಜನೆಗಳು

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಹೆಸರಘಟ್ಟ ಯೋಜನೆಯಿಂದ 1896ರಲ್ಲಿ ಊರಿಗೆ ಕೊಳವೆ ನೀರು ಬಂತು. ಅರ್ಕಾವತಿಯ ನೀರು ಹೆಸರಘಟ್ಟ ಕೆರೆಯಿಂದ ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿಯೇ ಸೋಲದೇವನಹಳ್ಳಿಗೆ ಹರಿಯುತ್ತಿತ್ತು. ಅಲ್ಲಿಂದ ಉಗಿಯಂತ್ರಗಳು ಅದನ್ನು ಎತ್ತರಕ್ಕೆ ಪಂಪು ಮಾಡುತ್ತಿದ್ದವು.

ಮಳೆ ಕೈಕೊಟ್ಟ ವರ್ಷ ಹೆಸರಘಟ್ಟವೂ ಬತ್ತುತ್ತಿತ್ತು. ಹಾಗಾಗಿ ಅರ್ಕಾವತಿ–ಕುಮುದ್ವತಿ ಸಂಗಮದ ಬಳಿ ತಿಪ್ಪಗೊಂಡನಹಳ್ಳಿ ಜಲಾಶಯ (ಚಾಮರಾಜಸಾಗರ) 1933ರಲ್ಲಿ ಸಿದ್ಧವಾಯಿತು. ಮುಂದೆ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳು, ಕೊಳವೆಬಾವಿಗಳು ಹೆಚ್ಚಿದಂತೆ ಇದರ ಒಳಹರಿವೂ ಕ್ಷೀಣಿಸಿತು.

ಕಾವೇರಿ

1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪನೆಯಾಯಿತು. ಕಾವೇರಿ ನದಿಯ ನೀರನ್ನು ನಗರಕ್ಕೆ ತರುವ ಯೋಜನೆಯ ಮೊದಲ ಹಂತ 1974ರದು; ಅದರ ಸಾಮರ್ಥ್ಯ ದಿನಕ್ಕೆ 13.5 ಕೋಟಿ ಲೀಟರ್. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಮೆಟ್ಟಿಲಲ್ಲಿ ಸುಮಾರು 500 ಮೀಟರ್ ಮೇಲೆತ್ತಿ, 100 ಕಿಲೋಮೀಟರ್ ದೂರದ ನಗರಕ್ಕೆ ತರಲಾಗುತ್ತದೆ. ಇದರಿಂದಾಗಿ ವಿದ್ಯುತ್ ವೆಚ್ಚವೇ ಈ ನೀರಿನ ದೊಡ್ಡ ಬಾಬ್ತು. ಕರೆಂಟು ಹೋದರೆ ಸರಬರಾಜಿಗೂ ಅಡಚಣೆ. ನಾಲ್ಕು ಹಂತಗಳು ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಒದಗಿಸಿದವು. ನಗರದ ಅಂಚಿನ 110 ಹಳ್ಳಿಗಳಿಗೆಂದು ಕೈಗೊಂಡ, 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಈ ಹೊರವಲಯವೇ ಹೆಚ್ಚು ಬವಣೆಪಟ್ಟಿತ್ತು.

ಹಂಚಿಕೆ

ಬಂದ ನೀರು ನಗರದ ಎತ್ತರದ ಜಾಗಗಳಲ್ಲಿರುವ ಜಲಸಂಗ್ರಹಾಗಾರಗಳನ್ನು ಸೇರಿ, ಅಲ್ಲಿಂದ ಬಡಾವಣೆಗಳಿಗೆ ಇಳಿಯುತ್ತದೆ. ಏರುತಗ್ಗಿನ ಊರಾದ್ದರಿಂದ ತಗ್ಗಿನ ಮನೆಗಳಲ್ಲಿ ನಲ್ಲಿ ರಭಸವಾಗಿ ಬಂದರೆ, ದಿಣ್ಣೆಯ ಮೇಲಿನ ಕೊನೆಯ ಮನೆಗೆ ಸಣ್ಣ ಧಾರೆ. ಒತ್ತಡ ಸರಿದೂಗಿಸಲು ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ವಾಲ್ವ್ ತಿರುಗಿಸಿ ಸರದಿಯಂತೆ ನೀರು ಬಿಡುತ್ತಾರೆ. ದಿನ ಬಿಟ್ಟು ದಿನ ಬರುವ ನೀರನ್ನು ಹಿಡಿದಿಡಲು ಮನೆಯ ಅಂಗಳದಲ್ಲಿ ಸಂಪು, ತಾರಸಿಯ ಮೇಲೆ ಟ್ಯಾಂಕು ಬಂದವು. ಸರದಿ ಪದ್ಧತಿಗೆ ಒಂದು ಅಪಾಯವೂ ಇದೆ: ಕೊಳವೆ ಖಾಲಿಯಿದ್ದಾಗ ಬಿರುಕುಗಳ ಮೂಲಕ ಚರಂಡಿ ನೀರು ಒಳಸೇರಬಹುದು.

ಮರಳಿ ಕೆರೆಗೆ

2009ರಲ್ಲಿ ಮಂಡಳಿಯ ಕಾಯ್ದೆಗೆ ತಿದ್ದುಪಡಿ ಮಾಡಿ, ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. ಅಷ್ಟರಲ್ಲಿ ಧರ್ಮಾಂಬುಧಿ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಗಿ ಎಷ್ಟೋ ಕಾಲವಾಗಿತ್ತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರ ಜಿಲ್ಲೆಗೆ ಹರಿಸಲಾಗುತ್ತಿದೆ. ಕಾವೇರಿಯಿಂದ ಎತ್ತಿ ತಂದು ನಗರ ಬಳಸಿಬಿಟ್ಟ ನೀರು ಅಲ್ಲಿ ಕೆರೆ ತುಂಬಿ, ಕೋಡಿ ಹರಿದು, ಕೆಳಗಿನ ಕೆರೆ ಸೇರುತ್ತಿದೆ.